ಎರಡು ಮಾತಿನ ಕಾಕಾ

ಕಾಕಾ ತೀರಿಕೊಂಡ ಮೇಲೆ ನಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಒಂದು ಸಣ್ಣ ಸಭೆ ನಡೆಯಿತು. ಕುರ್ಚಿ ಸಾಲದೆ ಅರ್ಧ ಜನ ನಿಂತೇ ಇದ್ದರು. ದೇವರಂಥ ಮನುಷ್ಯ ಎಂದು ಒಬ್ಬರು ಮರಾಠಿಯಲ್ಲಿ ಹೇಳಿದರು, ಇನ್ನೊಬ್ಬರು ಅದನ್ನೇ ಹಿಂದಿಯಲ್ಲಿ ಹೇಳಿದರು. ಅವರ ಭಾಷೆಯವಳು ನೀನೊಬ್ಬಳೇ, ನಾಲ್ಕು ಮಾತಾಡು ಎಂದು ನನ್ನನ್ನು ಎಬ್ಬಿಸಿದರು. ನಾನು ಎರಡು ವಾಕ್ಯ ಹೇಳಿ ಕೂತುಬಿಟ್ಟೆ. ದುಃಖಕ್ಕೆ ಗಂಟಲು ಕಟ್ಟಿತೆಂದು ಎಲ್ಲರೂ ತಿಳಿದುಕೊಂಡರು. ನಿಜವೆಂದರೆ ನಾನು ಆ ಮನುಷ್ಯನನ್ನು ಮೂರು ವರ್ಷ ಸಂಶಯದ ಕಣ್ಣಿನಿಂದಲೇ ನೋಡಿದವಳು. ಸಂಶಯವನ್ನು ಸಂತಾಪ ಸಭೆಯಲ್ಲಿ ಹೇಳುವಂತಿಲ್ಲ. ಬರೆಯಬಹುದೇನೋ ಎಂದು ಈಗ ಕೂತಿದ್ದೇನೆ.

ಅಂಧೇರಿಯಲ್ಲಿರುವ ಮಕ್ಕಳ ಆಸ್ಪತ್ರೆ ನಮ್ಮದು. ನಮ್ಮ ವಿಭಾಗಕ್ಕೆ ಬರುವವು ವಾಸಿಯಾಗದ ಕಾಯಿಲೆಯ ಮಕ್ಕಳು. ನೋವು ತಗ್ಗಿಸುವುದು, ಉಸಿರು ಸಲೀಸು ಮಾಡುವುದು, ಮುಂದೇನು ಎಂದು ಮನೆಯವರ ಜೊತೆ ಕೂತು ಮಾತಾಡುವುದು, ಇಷ್ಟೇ ನಮ್ಮ ಕೆಲಸ. ನಾನು ಅಲ್ಲಿಗೆ ಬರುವ ಮುಂಚೆ ಹದಿನೈದು ವರ್ಷ ಕೆಳಗಿನ ರೆಕಾರ್ಡ್ ವಿಭಾಗದಲ್ಲಿದ್ದೆ. ಒಂದು ಕಾಗದದಲ್ಲಿರುವುದು ಇನ್ನೊಂದು ಕಾಗದಕ್ಕೆ ಹೊಂದುತ್ತದೋ ಇಲ್ಲವೋ ನೋಡುವುದು ಅಲ್ಲಿಯ ಕೆಲಸ. ಆ ಚಾಳಿ ಮೆಲ್ಲಗೆ ಮನುಷ್ಯರ ಮೇಲೂ ಹರಿಯಿತು. ನಾನು ಮುಲುಂಡಿನಲ್ಲಿ ಬೆಳೆದವಳು. ಉಡುಪಿಯ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ಅಪ್ಪ, ಮನೆಯಲ್ಲಿ ತುಳು, ಮುನಿಸಿಪಾಲ್ಟಿ ಶಾಲೆಯಲ್ಲಿ ಕನ್ನಡ. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮೇಲಿನ ಮಹಡಿಗೆ ಹಾಕಿದರು.

ಅಲ್ಲಿ ಕಾಕಾ ಆಗಲೇ ಇದ್ದರು. ಅವರ ಹೆಸರು ಬರೆಯುವುದಿಲ್ಲ. ಡಾಕ್ಟರಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಕಾಕಾ. ಜಮಖಂಡಿಯ ಕಡೆಯವರು, ಸಿಟಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾಗಿ ಕಾಂದಿವಲಿಯಲ್ಲಿ ಮಗನ ಜೊತೆ ಇದ್ದರು. ವಾರಕ್ಕೆ ಮೂರು ದಿನ ಲೋಕಲ್ ರೈಲು ಹಿಡಿದು ಬಂದು, ಬಿಜಾಪುರ, ಬಾಗಲಕೋಟೆ, ಕಲಬುರಗಿಯಿಂದ ಬಂದ ಮನೆಯವರಿಗೂ ನಮ್ಮ ಡಾಕ್ಟರ್ ಮೇಡಂಗೂ ನಡುವೆ ಕೂತು ಮಾತು ದಾಟಿಸುತ್ತಿದ್ದರು. ಮೇಡಂ ಮರಾಠಿಯವರು. ಕಾಕಾನ ಮರಾಠಿ ಅವರ ಮರಾಠಿಯಷ್ಟೇ ಚೊಕ್ಕ. ಬಿಳಿ ಅರ್ಧ ತೋಳಿನ ಅಂಗಿ, ಎರಡು ಜೇಬು. ಅಲುಗದ ನೆಲದ ಮೇಲೂ ಕಾಲು ಅಗಲಿಸಿ ಬೆನ್ನು ಎಲ್ಲಿಗಾದರೂ ಆನಿಸಿ ನಿಲ್ಲುತ್ತಿದ್ದರು, ಯಾವಾಗ ಬ್ರೇಕ್ ಬೀಳುತ್ತದೋ ಎನ್ನುವಂತೆ. ಡಾಕ್ಟರ್ ಪಕ್ಕದಲ್ಲಿ ಕುರ್ಚಿ ಇಟ್ಟರೆ ಅದನ್ನೆತ್ತಿಕೊಂಡು ಹೋಗಿ ತಾಯಿತಂದೆಯರ ಪಕ್ಕ ಹಾಕಿಕೊಳ್ಳುತ್ತಿದ್ದರು.

ಆರು ವರ್ಷ ಆ ಕೋಣೆಯಲ್ಲಿ ಎರಡೂ ಕಡೆಯ ಮಾತು ತಿಳಿಯುವವರು ಅವರೊಬ್ಬರೇ ಆಗಿದ್ದರು. ಎರಡನೆಯವಳಾಗಿ ನಾನು ಹೋದೆ. ಮೊದಲ ದಿನವೇ ನನಗೆ ಇರಿಸುಮುರಿಸಾಯಿತು. ಮೇಡಂ ಒಬ್ಬ ತಂದೆಗೆ, ಈ ಔಷಧ ನೋವಿಗೆ ಮಾತ್ರ, ಇದರಿಂದ ಕಾಯಿಲೆ ಗುಣವಾಗುವುದಿಲ್ಲ, ಇನ್ನು ಗುಣವಾಗುವ ಔಷಧ ನಮ್ಮಲ್ಲಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕಾಕಾ ಅದನ್ನು, “ಇದ ಕುಡಿದ್ರ ಕೂಸು ನಿದ್ದಿ ಮಾಡತೈತಿ” ಎಂದು ಮುಗಿಸಿದರು. ಇನ್ನೊಂದು ಸಲ ಮೇಡಂ ಒಂದೇ ಸಾಲು ಹೇಳಿದರೆ ಕಾಕಾ ಹತ್ತು ನಿಮಿಷ ಆ ತಾಯಿಯ ಊರು, ಊರಿನ ಹಳ್ಳ, ತವರಿನ ದಾರಿ ಎಲ್ಲ ವಿಚಾರಿಸಿದರು. ಕೊನೆಗೆ ಮೇಡಂ ಕಡೆ ತಿರುಗಿ, ಅವಳಿಗೆ ತಿಳಿಯಿತಂತೆ ಎಂದರು. ಏನು ತಿಳಿಯಿತು?

ನಾನು ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಡಾಕ್ಟರ್ ಹೇಳಿದ್ದು, ಬಲಪುಟದಲ್ಲಿ ಕಾಕಾ ಹೇಳಿದ್ದು. ಒಂದು ತಿಂಗಳಲ್ಲಿ ಎರಡು ಪುಟಗಳೂ ಬೇರೆ ಬೇರೆ ರೋಗಿಗಳದ್ದೇನೋ ಎನ್ನುವಂತಾದವು. ಕಾಕಾ ಇದ್ದರೆ ಜನ ಬೇಗ ಒಪ್ಪುತ್ತಾರೆ ಎಂದು ಸಿಸ್ಟರ್ ಒಬ್ಬಳು ಹೊಗಳುವ ದನಿಯಲ್ಲಿ ಹೇಳಿದಾಗ ನನಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ಕಾಕಾ ಪ್ರತಿಯೊಂದು ಮನೆಯವರ ಊರಿನ ಹೆಸರನ್ನೂ ಫೋನ್ ನಂಬರನ್ನೂ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆಸ್ಪತ್ರೆಯ ನಿಯಮದಂತೆ ಅದು ಸರಿಯಲ್ಲ. ನೇರವಾಗಿ ಕೇಳಿದೆ. ಊರಿಗೆ ಹೋದವರಿಗೆ ಫೋನ್ ಮಾಡುತ್ತೇನೆ, ಸುಖವಾಗಿ ಮುಟ್ಟಿದಿರಾ ಎಂದು ಕೇಳುತ್ತೇನೆ, ಅಷ್ಟೇ ಎಂದರು. ಅಷ್ಟಕ್ಕೇ ಯಾರಾದರೂ ಕಾಂದಿವಲಿಯಿಂದ ರೈಲಿನ ಗರ್ದಿಯಲ್ಲಿ ನಿಂತು ಬರುತ್ತಾರೆಯೇ?

ಇಂಥವರಿಗೆ ಹಿಂದೆ ಯಾವುದೋ ಒಂದು ಗಾಯ ಇರುತ್ತದೆ ಎಂದುಕೊಂಡು ಒಮ್ಮೆ ಅದನ್ನೂ ಕೇಳಿದ್ದೆ, ನಿಮ್ಮ ಮಗು ಯಾವುದಾದರೂ ಹೀಗೆ ಹೋಗಿತ್ತೇ ಎಂದು. ಕಾಕಾ ನಕ್ಕರು. “ನನಗ ನಾಕು ಮಕ್ಕಳು ತಂಗಿ. ನಾಕೂ ಗಟ್ಟಿ ಅದಾವು” ಎಂದರು. ಮೊಮ್ಮಗಳ ಜ್ವರಕ್ಕೆಂದು ಈ ಆಸ್ಪತ್ರೆಗೆ ಬಂದಾಗ ಹೆಸರು ಬರೆಸಿ ಕೇಸ್ ಪೇಪರ್ ಪಡೆಯುವ ಕಿಟಕಿಯ ಮುಂದೆ ಕನ್ನಡದ ಹೆಂಗಸೊಬ್ಬಳು ಅಳುತ್ತಿದ್ದಳಂತೆ, ಅವಳ ಮಾತು ದಾಟಿಸಲು ನಿಂತ ಕಾಕಾ ಹಾಗೇ ನಿಂತುಬಿಟ್ಟರಂತೆ. ಇದನ್ನೂ ನಾನು ಪೂರ್ತಿ ನಂಬಲಿಲ್ಲ. ಮೊನ್ನೆ ಅವರ ಅಂತ್ಯಕ್ರಿಯೆಯಲ್ಲಿ ನಾಲ್ಕೂ ಮಕ್ಕಳನ್ನು ಕಣ್ಣಾರೆ ನೋಡಿ ಎಣಿಸಿದ ಮೇಲೆ ನಂಬಿದೆ. ನನ್ನ ಗುಣ ಅಂಥದ್ದು.

ನೀವು ಡಾಕ್ಟರ್ ಹೇಳಿದ್ದನ್ನು ಹೇಳುತ್ತಿಲ್ಲ ಎಂದು ಆಕ್ಷೇಪಿಸಿದ ದಿನ ಅವರು ಕೊಟ್ಟ ಉತ್ತರ ನೆನಪಿದೆ. “ಡ್ರೈವರಗ ರಸ್ತಾ ಕಾಣ್ತೈತಿ. ಕಂಡಕ್ಟರಗ ಮಂದಿ ಮಾರಿ ಕಾಣ್ತೈತಿ. ಮೇಡಂ ಹೇಳ್ತಾರ, ನಾ ಮುಟ್ಟಸ್ತೀನಿ.” ಚೆಂದದ ಮಾತು. ಇಷ್ಟು ಚೆಂದದ ಮಾತು ತಯಾರಾಗಿ ಇಟ್ಟುಕೊಂಡವರ ಬಗ್ಗೆ ನನಗೆ ಇನ್ನೂ ಅನುಮಾನ.

ಇಷ್ಟರಲ್ಲಿ ರೂಪಾ ಬಂದಳು.

ಹನ್ನೆರಡು ವರ್ಷದ ಹುಡುಗಿ. ಮೂಳೆಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ತಂದೆ ಸಂಗಪ್ಪ, ತಾಯಿ ಮಾದೇವಿ, ಇಬ್ಬರೂ ಕಾಂದಿವಲಿಯಲ್ಲಿ ಕಟ್ಟಡದ ಕೆಲಸದವರು. ಇಟ್ಟಿಗೆ, ಸಿಮೆಂಟು, ಕೂಲಿಗೆ ಬೇಕಾದಷ್ಟು ಹಿಂದಿ ಸಂಗಪ್ಪನಿಗೆ ಬರುತ್ತಿತ್ತು, ಮರಾಠಿ ಬರುತ್ತಿರಲಿಲ್ಲ. ರೂಪಾ ಮಾತ್ರ ಇಲ್ಲಿಯ ಶಾಲೆಯ ಹುಡುಗಿ. ಹಿಂದಿ ನೀರಿನಂತೆ, ಮರಾಠಿಯೂ ಸರಾಗ, ಕನ್ನಡ ಮಾತ್ರ ತಡವರಿಸುತ್ತ. ಮೊದಲ ದಿನ ಮೇಡಂ ಸಂಗಪ್ಪನನ್ನು ಏನೋ ಕೇಳಿದರೆ ಉತ್ತರ ಅವಳೇ ಕೊಟ್ಟಳು. ಮೇಡಂ ಅವಳನ್ನು ತಡೆದರು. ವಿಚಾರಿಸಿದಾಗ ತಿಳಿಯಿತು, ಹಿಂದೆ ಇದ್ದ ಇನ್ನೊಂದು ಆಸ್ಪತ್ರೆಯಲ್ಲಿ ಎಂಟು ತಿಂಗಳು ಆ ಹುಡುಗಿಯೇ ಡಾಕ್ಟರ ಮಾತನ್ನು ಅಪ್ಪನಿಗೆ ಹೇಳುತ್ತಿದ್ದಳು. ತನ್ನ ಕಾಯಿಲೆಯನ್ನು ತಾನೇ ಹೊತ್ತು ದಾಟಿಸುವ ಕೆಲಸ ಮಗುವಿನದಲ್ಲ, ಇನ್ನು ಮುಂದೆ ಕಾಕಾ ಹೇಳಲಿ ಎಂದು ಮೇಡಂ ತೀರ್ಮಾನಿಸಿದರು. ಅದು ಸರಿಯೇ.

ಸಂಗಪ್ಪ ಒಂದೇ ಒಂದು ಷರತ್ತು ಹಾಕಿದ. ಮಗಳಿಗೆ ಏನೂ ಗೊತ್ತಾಗಬಾರದು. ಮೇಡಂಗೆ ಇದು ಒಪ್ಪಿಗೆ ಇರಲಿಲ್ಲ. ಮಕ್ಕಳು ಕೇಳಿದರೆ ಅವರು ತಡೆದುಕೊಳ್ಳುವಷ್ಟು ಸತ್ಯವನ್ನು ಹೇಳಬೇಕು, ಸುಳ್ಳಿನ ನಡುವೆ ಮಗು ಒಂಟಿಯಾಗುತ್ತದೆ ಎಂಬುದು ಅವರ ನಂಬಿಕೆ. ಆದರೂ ತಂದೆಯನ್ನು ಮೀರುವುದು ಹೇಗೆ? ಮೇಡಂ ಕಾಯೋಣ ಎಂದರು. ಕಾಕಾ ಮಾತ್ರ ದಿನವೂ ರೂಪಾಳ ಹಾಸಿಗೆಯ ಬಳಿ ಹೋಗಿ ಕೂತು ಹಿಂದಿಯಲ್ಲಿ ಏನೇನೋ ಮಾತಾಡಿ ಬರುತ್ತಿದ್ದರು. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಮೂರನೆಯ ವಾರ ಉಸಿರಾಟ ಕೆಟ್ಟಿತು. ಮೇಡಂ ತಾಯಿತಂದೆಯನ್ನು ಕರೆಸಿದರು. ಕಾಕಾಗೆ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಕೆಲವು ದಿನಗಳಲ್ಲಿ ಅವಳ ಉಸಿರು ನಿಲ್ಲಬಹುದು. ಆಗ ಗಂಟಲಿಗೆ ನಳಿಗೆ ಹಾಕಿ ಉಸಿರಾಟದ ಮಷೀನಿಗೆ ಹಚ್ಚಬೇಕೋ ಬೇಡವೋ? ಮಷೀನಿನಿಂದ ಕಾಯಿಲೆ ಗುಣವಾಗುವುದಿಲ್ಲ, ಕೆಲವು ದಿನ ಮುಂದೆ ಹೋಗಬಹುದು ಅಷ್ಟೇ. ಹಚ್ಚಿದರೆ ಅವಳು ಐಸಿಯುನಲ್ಲಿರುತ್ತಾಳೆ, ನೀವು ಹೊರಗಿರುತ್ತೀರಿ. ಬೇಡವೆಂದರೆ ಇಲ್ಲೇ, ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ. ನಿರ್ಧಾರ ನಿಮ್ಮದು ಎಂದು ಕೇಳಿ.

ಕಾಕಾ ಸಂಗಪ್ಪನ ಮೊಣಕಾಲಿನ ಮೇಲೆ ಕೈ ಇಟ್ಟು ಕೇಳಿದ್ದು ಇಷ್ಟು: “ಆಕಿಗೆ ಭಾಳ ತ್ರಾಸ ಆದಾಗ ಆಕಿ ಹಂತೇಕ ಯಾರ ಇರಬೇಕಪ್ಪಾ?”

“ಆಕಿ ಅವ್ವ,” ಎಂದ ಸಂಗಪ್ಪ. “ನಾನೂ ಇರ್ತೀನಿ.”

ಕಾಕಾ ಮೇಡಂ ಕಡೆ ತಿರುಗಿದರು. ಮಷೀನು ಬೇಡವಂತೆ, ಇಬ್ಬರೂ ಅವಳ ಹತ್ತಿರವೇ ಇರುತ್ತಾರಂತೆ ಎಂದು ಮರಾಠಿಯಲ್ಲಿ ಹೇಳಿದರು. ಮೇಡಂ ಕೇಸ್ ಪೇಪರಿನಲ್ಲಿ ಬರೆದರು. ಸಂಗಪ್ಪ ತೋರಿಸಿದ ಕಡೆ ಸಹಿ ಹಾಕಿದ.

ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಇಷ್ಟು ದಿನ ಮಾತು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ ಎಂದಷ್ಟೇ ಬರೆದುಕೊಂಡಿದ್ದೆ. ಇಲ್ಲಿ ತಂದೆಯನ್ನು ಕೇಳದ ಪ್ರಶ್ನೆಗೆ ತಂದೆ ಕೊಡದ ಉತ್ತರವನ್ನು ಬರೆಸಿದ್ದರು. ಅರ್ಧ ಗಂಟೆಯಲ್ಲಿ ಮೇಡಂ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಕಾಕಾನನ್ನು ಕರೆಸಿದರು. ಕಾಕಾ ಅಲ್ಲಗಳೆಯಲಿಲ್ಲ. ತಪ್ಪಾಯಿತು ಎಂದರು. ಯಾಕೆ ಎಂದದ್ದಕ್ಕೆ ಉತ್ತರ ಕೊಡಲಿಲ್ಲ. ಆ ದಿನದಿಂದ ಅವರು ಬರುವುದು ಬೇಡ ಎಂದಾಯಿತು.

ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. “ಆ ಮಾತು ನಂದಲ್ಲ ತಂಗಿ. ಆ ಹುಡುಗೀದು.”

ರೌಂಡಿಗೆ ಬಂದ ಡಾಕ್ಟರುಗಳು ಮಷೀನಿನ ಮಾತಾಡಿಕೊಂಡದ್ದು ರೂಪಾಳಿಗೆ ಕೇಳಿಸಿತಂತೆ. ಅದು ಏನು ಎಂದು ಕಾಕಾನನ್ನು ಕೇಳಿದಳಂತೆ. ಗಂಟಲಲ್ಲಿ ನಳಿಗೆ ಇರುತ್ತದೆ, ಮಾತಾಡಲಾಗುವುದಿಲ್ಲ, ಅವ್ವ ಗಾಜಿನ ಆಚೆ ಇರುತ್ತಾಳೆ ಎಂದು ಅವರು ಹೇಳಿದರಂತೆ. ನನಗೆ ಬೇಡ, ಆದರೆ ಪಪ್ಪಾಗೆ ಹೇಳಬೇಡಿ, ನನಗೆ ಗೊತ್ತಿದೆ ಎಂದು ತಿಳಿದರೆ ಅವನು ಅಳುತ್ತಾನೆ ಎಂದಳಂತೆ. ಕಾಕಾ ಮಾತು ಕೊಟ್ಟರಂತೆ. ಮೇಡಂಗೆ ಹೇಳಿದರೆ ಅವರು ತಂದೆಗೆ ಹೇಳಲೇಬೇಕಾಗುತ್ತಿತ್ತು, ಆದ್ದರಿಂದ ಮಗಳ ಮಾತನ್ನು ಅಪ್ಪನ ಬಾಯಲ್ಲಿಟ್ಟು ದಾಟಿಸಿದೆ ಎಂದರು.

ಸಿಕ್ಕಿಬಿದ್ದ ಮೇಲೆ ಹುಟ್ಟಿದ ಕತೆ ಇದು ಎನಿಸಿತು ನನಗೆ. ತಾನೊಬ್ಬನೇ ಸಾಕ್ಷಿಯಾಗಿರುವ ಕತೆ. ಆದರೂ ಪರೀಕ್ಷಿಸದೆ ಬಿಡುವವಳಲ್ಲ ನಾನು. ರೂಪಾಳ ಹಾಸಿಗೆಯ ಪಕ್ಕ ಹೋಗಿ ಕೂತೆ. ಮಾದೇವಿ ನೀರು ತರಲು ಹೋಗಿದ್ದಳು. ಹುಡುಗಿ ಮೂಗಿಗೆ ಆಕ್ಸಿಜನ್ ಹಾಕಿಕೊಂಡು, ದಿಂಬಿಗೆ ಒರಗಿ, ಉಗುರಿನ ಬಣ್ಣ ಕೆರೆಯುತ್ತಿದ್ದಳು. ಹಳೆಯ ಆಸ್ಪತ್ರೆಯಲ್ಲಿ ನೀನೇ ಪಪ್ಪಾಗೆ ಎಲ್ಲ ಹೇಳುತ್ತಿದ್ದೆಯಂತೆ ಎಂದೆ.

“ಹಾಂ. ಡಾಕ್ಟರ್ ಬೋಲ್ತಾರ, ಆರಾಮ ಆಗ್ತದ. ಐಸಾ ಹೇಳ್ತಿದ್ದೆ.”

“ಡಾಕ್ಟರ್ ಹಾಗೆ ಹೇಳಿದ್ರಾ?”

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಕಾಕಾಗೆ ಏನಾದರೂ ಹೇಳಿದ್ದೀಯಾ, ಮಷೀನಿನ ವಿಷಯ ಎಂದು ಕೇಳಿದೆ. ಅವಳ ಮುಖ ಕದ ಹಾಕಿಕೊಂಡಂತಾಯಿತು. ನನ್ನ ಕುತ್ತಿಗೆಯ ಗುರುತಿನ ಚೀಟಿಯನ್ನು, ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದಳು.

“ನೀವು ಪಪ್ಪಾಗೆ ಬೋಲ್ತೀರಾ?”

ಸುಳ್ಳು ಹೇಳಲು ನನಗೆ ಬರಲಿಲ್ಲ. ಡಾಕ್ಟರಿಗೆ ಹೇಳಬೇಕಾಗುತ್ತದೆ ಎಂದೆ.

“ನಾನು ಏನೂ ಹೇಳಿಲ್ಲ,” ಎಂದಳು ರೂಪಾ. ಉಗುರು ಕೆರೆಯಲು ಶುರು ಮಾಡಿದಳು.

ಕಾಕಾ ಸುಳ್ಳುಗಾರರೋ, ಅಥವಾ ಆ ಹುಡುಗಿಗೆ ನನ್ನ ಮೇಲೆ ನಂಬಿಕೆಯಿಲ್ಲವೋ? ಅಲ್ಲಿಂದ ಏಳುವಾಗ ಮೊದಲ ಬಾರಿಗೆ, ಈ ಕೋಣೆಯಲ್ಲಿ ಸಂಶಯಕ್ಕೆ ಒಳಗಾದವಳು ನಾನು ಎನಿಸಿತು. ಕಾಕಾನ ಮಾತು, ಹುಡುಗಿಯ ಮಾತು ಎರಡನ್ನೂ ಮೇಡಂಗೆ ಹೇಳಿದೆ. ಮಗಳೊಡನೆ ಒಮ್ಮೆ ಮಾತಾಡಲು ಬಿಡಿ ಎಂದು ಅವರು ನನ್ನ ಮೂಲಕ ಸಂಗಪ್ಪನನ್ನು ಬೇಡಿಕೊಂಡರು. ಆಕಿ ಕೂಸು, ಆಕಿಗೇನ್ ತಿಳೀತೈತಿ ಎಂದ ಆತ. ಒಪ್ಪಲಿಲ್ಲ.

ಮೇಡಂ ತಾಯಿತಂದೆಯನ್ನು ಮತ್ತೆ ಕರೆದು ಕೂರಿಸಿದರು. ಈ ಸಲ ನಡುವೆ ನಾನು. ನನ್ನದು ಶಾಲೆಯ ಕನ್ನಡ. ನಿಮ್ಮ ಮಗಳ ಉಸಿರಾಟ ನಿಂತುಹೋದರೆ ಯಂತ್ರಕ್ಕೆ ಹಾಕಬೇಕೇ, ಬೇಡವೇ ಎಂದು ಒಂದು ಪದವನ್ನೂ ಕೂಡಿಸದೆ, ಒಂದನ್ನೂ ಬಿಡದೆ ಹೇಳಿದೆ. ಯಂತ್ರದಿಂದ ಗುಣವಾಗುವುದಿಲ್ಲ ಎಂಬುದನ್ನೂ ಹೇಳಿದೆ. ಮಾದೇವಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸಂಗಪ್ಪ ಎದ್ದು ನಿಂತ.

“ಹಾಕ್ರಿ. ಏನೇನ್ ಐತಿ ಎಲ್ಲಾ ಹಾಕ್ರಿ. ಮಗಳ ಕುತ್ತಿಗಿ ಹಿಚಕಲೇನು ಅಂತ ತಂದಿಗೆ ಕೇಳ್ತೀರಲ್ಲ ನೀವು.”

ಹಳೆಯ ಸಹಿಯನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಅದಾದ ಒಂಬತ್ತನೆಯ ದಿನ ರೂಪಾಳನ್ನು ಮಷೀನಿಗೆ ಹಚ್ಚಿದರು. ಆರು ದಿನ ಇದ್ದಳು. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ತಾಯಿಗೆ ಒಳಗೆ ಹೋಗಲು ಬಿಡುತ್ತಿದ್ದರು, ಹಸಿರು ಗೌನು ತೊಡಿಸಿ. ಉಳಿದ ಹೊತ್ತು ಮಾದೇವಿ ಬಾಗಿಲ ಹೊರಗಿನ ಬೆಂಚಿನಲ್ಲಿ, ಕಾಲು ಮೇಲೆಳೆದುಕೊಂಡು ಕೂತಿರುತ್ತಿದ್ದಳು. ಆರನೆಯ ದಿನ ಮಧ್ಯಾಹ್ನ ಹುಡುಗಿ ಹೋದಾಗಲೂ ಅವಳು ಅಲ್ಲೇ ಇದ್ದಳು. ನಾನು ಹೋಗಿ ಹೇಳಿದೆ. ಅವಳು ಅಳಲಿಲ್ಲ. ಈಗರ ಒಳಗ ಬಿಡ್ತಾರೇನ್ರಿ ಎಂದು ಕೇಳಿದಳು.

ನಾನು ಮಾಡಿದ್ದು ತಪ್ಪಲ್ಲ. ಇವತ್ತು ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಮಗಳ ಜೀವದ ಪ್ರಶ್ನೆ ತಂದೆಯ ಕಿವಿಗೆ ಬೀಳದೆ ತೀರ್ಮಾನವಾಗಕೂಡದು. ಆದರೆ ಆ ಬೆಂಚಿನ ಮುಂದೆ ಹಾದುಹೋಗುವಾಗ ಈಗಲೂ ನನ್ನ ನಡಿಗೆ ಜೋರಾಗುತ್ತದೆ.

ನಾಲ್ಕು ತಿಂಗಳಾದ ಮೇಲೆ ಕಾಕಾ ಮತ್ತೆ ಬಂದರು. ಕನ್ನಡದ ಮನೆಯವರು ಹೆಚ್ಚಿದ್ದರು, ನನ್ನೊಬ್ಬಳಿಂದ ಆಗುತ್ತಿರಲಿಲ್ಲ. ಮೇಡಂ ಅವರೇ ಫೋನ್ ಮಾಡಿ ಕರೆಸಿದರು, ಆದರೆ ನಾನು ಪಕ್ಕದಲ್ಲಿ ಕೂತಿರಬೇಕು ಎಂಬ ಕಟ್ಟಳೆಯೊಂದಿಗೆ. ಕಾಕಾಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಡಾಕ್ಟರ ಮಾತನ್ನು ಸಾಲಿಗೆ ಸಾಲು ಹೇಳತೊಡಗಿದರು. ಪ್ರತಿ ಸಾಲಿನ ಕೊನೆಗೆ ನನ್ನ ಕಡೆ ತಿರುಗಿ, “ಸರಿ ಐತೇನ ತಂಗಿ?” ಎಂದು ಕೇಳುತ್ತಿದ್ದರು. ಅದು ವಿನಯವೋ, ಸೇಡೋ, ತಿಂಗಳುಗಟ್ಟಲೆ ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ. ಊರು, ಹಳ್ಳ, ತವರು ಯಾವುದನ್ನೂ ಅವರು ಈಗ ಕೇಳುತ್ತಿರಲಿಲ್ಲ. ನನ್ನ ಎರಡು ಪುಟಗಳೂ ಹೊಂದುತ್ತಿದ್ದವು. ಮನೆಯವರು ಮಾತ್ರ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಹೂಂ ಎಂದು ಎದ್ದು ಹೋಗುತ್ತಿದ್ದರು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಬೆಳಗ್ಗೆ ಸಂಗಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಆದರೆ ಮೈ ಅರ್ಧ ಇಳಿದಿತ್ತು. ನಾನೂ ಕಾಕಾನೂ ಹೊರಗಿನ ಕೋಣೆಯಲ್ಲಿದ್ದೆವು. ಮೇಡಂ ಇನ್ನೂ ಬಂದಿರಲಿಲ್ಲ. ರೂಪಾಳ ಶಾಲೆಯ ಗೆಳತಿಯೊಬ್ಬಳು ಅವರ ಮನೆಯ ಹತ್ತಿರವೇ ಇದ್ದಳಂತೆ. ಮೊನ್ನೆ ಆ ಹುಡುಗಿ ಮಾತಿಗೆ ಮಾತು ಬಂದು, ತಾನು ಬದುಕುವುದಿಲ್ಲ ಎಂದು ರೂಪಾ ಮೊದಲೇ ಹೇಳಿದ್ದಳು ಎಂದಳಂತೆ. ಅಂದಿನಿಂದ ಸಂಗಪ್ಪನಿಗೆ ಊಟ ಸೇರುತ್ತಿರಲಿಲ್ಲ. ಮಗಳಿಗೆ ಎಲ್ಲ ಗೊತ್ತಿತ್ತು. ಹಾಗಾದರೆ ಅವಳು ಏನು ಬಯಸಿದ್ದಳು? ಈ ಕಾಕಾನ ಹತ್ತಿರ ಅವಳು ಗಂಟೆಗಟ್ಟಲೆ ಮಾತಾಡುತ್ತಿದ್ದುದು ಅವನಿಗೆ ನೆನಪಿತ್ತು. ಕಾಕಾನ ಎದುರಿನ ಸ್ಟೂಲಿನಲ್ಲಿ ಕೂತ.

“ಖರೆ ಹೇಳ್ರಿ ಕಾಕಾ. ನನ್ನ ಮಗಳು ಮಷೀನು ಬ್ಯಾಡ ಅಂದಿದ್ಲೇನು?”

ಕಾಕಾ ನನ್ನ ಕಡೆ ನೋಡಲಿಲ್ಲ.

“ಇಲ್ಲಪ್ಪ. ಆಕಿ ಏನೂ ಅಂದಿಲ್ಲ. ಮೊದಲನೇ ಸಲ ನೀ ಬ್ಯಾಡ ಅಂದಿ ಅಂತ ನಾನ ಕಟ್ಟಿ ಹೇಳಿದ್ದೆ. ಅದಕ್ಕ ನನ್ನ ತಗದು ಈ ಅಕ್ಕಾರನ್ನ ಕುಂದ್ರಿಸಿದ್ರು.”

ಸಂಗಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದ. ನನ್ನ ಮಗಳ ಜೀವದ ಮಾತು ಕಟ್ಟಾಕ ನೀ ಯಾವನು ಎಂದು ಶುರು ಮಾಡಿದ. ಅಷ್ಟು ಹೊತ್ತಿನ ಬಹುವಚನ ಹೋಗಿ ಏಕವಚನಕ್ಕೆ ಇಳಿಯಿತು. ವರ್ಷಕ್ಕೂ ಹೆಚ್ಚು ಕಾಲ ಒಳಗೆ ಕೊಳೆತದ್ದೆಲ್ಲ ಬಾಯಿಂದ ಬಂತು. ಕಾರಿಡಾರಿನಲ್ಲಿದ್ದವರು ಬಾಗಿಲಿಗೆ ಬಂದು ನಿಂತು ನೋಡಿದರು. ಕಾಕಾ ತಲೆ ತಗ್ಗಿಸಿ ಕೂತು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಸಂಗಪ್ಪ ನನ್ನ ಕಡೆ ತಿರುಗಿ ಕೈ ಮುಗಿದ. ನೀವು ಇದ್ದದ್ದು ಇದ್ದಂಗ ಕೇಳಿದ್ರಿ ಅಕ್ಕಾರ, ನಿಮಗ ಪುಣ್ಯ ಬರಲಿ ಎಂದು ಹೇಳಿ ಮೆಟ್ಟಿಲಿಳಿದು ಹೋದ. ಬಂದಾಗ ಬಾಗಿದ್ದ ಬೆನ್ನು ಹೋಗುವಾಗ ನೆಟ್ಟಗಿತ್ತು.

ಜನ ಚದುರಿದರು. ನಾನು ಬಾಗಿಲು ಮುಂದೆ ಮಾಡಿ ಬಂದು ಕೇಳಿದೆ, “ಅವತ್ತು ಕಾರಿಡಾರಿನಲ್ಲಿ ನನಗೆ ಬೇರೆ ಹೇಳಿದ್ರಿ. ಎರಡರಲ್ಲಿ ಒಂದು ಸುಳ್ಳು. ಯಾವುದು?”

ಕಾಕಾ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

“ನಿಮಗ ಯಾವದು ಬೇಕು ತಂಗಿ?”

ಅದರಲ್ಲಿ ಅಣಕವಿರಲಿಲ್ಲ. ಕೇಳಿದರೆ ಕೊಡುತ್ತೇನೆ ಎನ್ನುವ ದನಿಯಿತ್ತು. ನನಗೆ ಯಾವುದು ಬೇಕೆಂದು ಅವರಿಗೆ ಗೊತ್ತಿತ್ತು. ಆ ಹುಡುಗಿ ಏನೂ ಹೇಳಿರಲಿಲ್ಲ ಎಂಬ ಮಾತು, ನನ್ನ ಮುಖ ನೋಡಿ ಹೇಳಿದ್ದು, ಅದೊಂದು ಸಿಕ್ಕಿದ್ದರೆ ನಾನು ನಿರಾಳವಾಗುತ್ತಿದ್ದೆ. ಕೇಳಿದ್ದರೆ ಅವರು ಅದನ್ನೇ ಹೇಳುತ್ತಿದ್ದರು. ನಾನು ನಂಬುತ್ತಿರಲಿಲ್ಲ.

ಮುಂದಿನ ಕೇಸ್ ಪೇಪರ್ ಎತ್ತಿಕೊಂಡು, ಆ ಮನೆಯವರನ್ನು ಒಳಗೆ ಕರೆಯಿರಿ ಎಂದೆ. ಕಾಕಾ ಎದ್ದು ಬಾಗಿಲಿಗೆ ಹೋದರು.